ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲಾಸಿನ ಟಿವಿ, ಮನೆಯ ಮೊಬೈಲು

ಈ ಸಲ ಬಂದ ಪತ್ರಗಳಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳ ವಿಷಯವೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇವೆ. ಹೆಸರು, ಊರು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿ ಇದೆ, ಇಂಟರ್‌ನೆಟ್ ಮಾತ್ರ ನನ್ನ ಮೊಬೈಲಿನದು. ಮೊನ್ನೆ ಏಳನೇ ಕ್ಲಾಸಿಗೆ ಹೃದಯದ ವಿಡಿಯೊ ಹಾಕಿದಾಗ ಮಧ್ಯದಲ್ಲಿ ಕೆಟ್ಟ ಜಾಹೀರಾತು ಬಂತು. ಮಕ್ಕಳು ಕಿಸಕ್ಕನೆ ನಕ್ಕರು. ಮುಖ ಎಲ್ಲಿಡಲಿ ಅನ್ನುವ ಹಾಗಾಯಿತು. ಇನ್ನು ಟಿವಿ ಸಹವಾಸವೇ ಬೇಡ ಅನಿಸಿದೆ.

ಉತ್ತರ: ಟಿವಿ ಬಿಡಬೇಡಿ ಮೇಡಂ. ರಕ್ತ ಹೃದಯದ ಒಳಗೆ ಬಂದು, ಶ್ವಾಸಕೋಶಕ್ಕೆ ಹೋಗಿ, ಮತ್ತೆ ವಾಪಸ್ ಬಂದು ಮೈಗೆಲ್ಲ ಹರಿಯುವುದನ್ನು ಬೋರ್ಡಿನ ಮೇಲೆ ಬಾಣ ಬರೆದು ಎಷ್ಟು ಹೇಳಿದರೂ, ಒಂದು ಸಲ ಕಣ್ಣಿಂದ ನೋಡಿದ ಮಗುವಿಗೆ ತಿಳಿಯುವಷ್ಟು ತಿಳಿಯುವುದಿಲ್ಲ. ಅದನ್ನು ಒಂದು ಜಾಹೀರಾತಿನ ಕಾರಣಕ್ಕೆ ಕಳೆದುಕೊಳ್ಳುವುದು ಯಾಕೆ?

ಕ್ಲಾಸಿನಲ್ಲಿ ನಿಂತು ಹುಡುಕಬೇಡಿ, ಅಷ್ಟೇ. ಹಿಂದಿನ ರಾತ್ರಿಯೇ ವಿಡಿಯೊವನ್ನು ಕೊನೆಯವರೆಗೂ ನೋಡಿ, ಆ್ಯಪಿನಲ್ಲೇ ಡೌನ್‌ಲೋಡ್ ಮಾಡಿಡಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕೇಬಲ್‌ನಿಂದ ಟಿವಿಗೆ ಜೋಡಿಸಿ. ಇಂಟರ್‌ನೆಟ್ಟೇ ಇಲ್ಲದ ಮೇಲೆ ಹೊಸ ಜಾಹೀರಾತು ಎಲ್ಲಿಂದ ಬರಬೇಕು? ಇದರಲ್ಲಿ ಇನ್ನೂ ಒಂದು ಲಾಭ ಇದೆ. ಪಾಠದ ನಡುವೆ ನಿಮ್ಮ ಬ್ಯಾಂಕಿನ ಓಟಿಪಿ, ಮನೆಯವರ ಮೆಸೇಜು ಟಿವಿ ಪರದೆಯ ಮೇಲೆ ಟಣ್ ಅಂತ ಬಂದು ನಿಲ್ಲುವುದಿಲ್ಲ. ಪಠ್ಯಪುಸ್ತಕದಲ್ಲಿ ಪಾಠದ ಜೊತೆ ಇರುವ ಕ್ಯುಆರ್ ಕೋಡ್ ನೋಡಿದ್ದೀರಲ್ಲ, ಅದನ್ನು 2017ರಲ್ಲಿ ಶುರುವಾದ, ಶಾಲಾ ಪಾಠಗಳಿಗೆಂದೇ ಇರುವ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ. ಅಲ್ಲಿ ಜಾಹೀರಾತಿನ ಕಾಟವಿಲ್ಲ. ಎಲ್ಲ ಪಾಠಕ್ಕೂ ಒಳ್ಳೆಯ ವಿಡಿಯೊ ಸಿಗಲಿಕ್ಕಿಲ್ಲ, ಆದರೂ ಮೊದಲು ಅಲ್ಲೇ ನೋಡಿ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ. ನೆಟ್‌ನಲ್ಲಿ ಹುಷಾರಾಗಿರುವುದನ್ನು ಕಲಿಸಲು ನೆಟ್ ಬೇಕಾಗಿಲ್ಲ. ಮೂರು ಮೆಸೇಜುಗಳನ್ನು ಕಾಗದದ ಮೇಲೆ ಬರೆದು ಗುಂಪಿಗೊಂದರಂತೆ ಕೊಡಿ. ಒಂದು, ‘ಉಚಿತ ಲ್ಯಾಪ್‌ಟಾಪ್, ಈ ಲಿಂಕ್ ಒತ್ತಿ’. ಇನ್ನೊಂದು, ಹಳೇ ವರ್ಷದ ಮಳೆ ರಜೆಯ ಆದೇಶಕ್ಕೆ ನಾಳೆಯ ತಾರೀಖು ಹಾಕಿದ್ದು. ಮೂರನೆಯದು, ನಿಮ್ಮ ಶಾಲೆಯದೇ ನಿಜವಾದ ಸೂಚನೆ. ಯಾವುದು ನಿಜ, ಯಾರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೀರಿ ಅಂತ ಅವರವರೇ ವಾದ ಮಾಡಲಿ. ರಜೆಯ ಮೆಸೇಜಿಗೆ ಅರ್ಧ ಕ್ಲಾಸು ಬಿದ್ದೇ ಬೀಳುತ್ತದೆ, ಬೀಳಲಿ. ತಾರೀಖಿನ ಅಕ್ಷರ ಮಾತ್ರ ಬೇರೆ ಥರ ಇದೆ ಅಂತ ಕಂಡುಹಿಡಿಯುವ ಮಗುವೊಂದು ಹಿಂದಿನ ಬೆಂಚಿನಲ್ಲಿ ಇರುತ್ತದೆ. ಆ ಮಗುವೇ ಎದ್ದುನಿಂತು ಉಳಿದವರಿಗೆ ಹೇಳಿಕೊಡಲಿ.

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಹೋಂವರ್ಕ್‌ಗೆ ಅಂತ ಟೀಚರ್ ಮಾಡಿದ ವಾಟ್ಸ್‌ಆ್ಯಪ್ ಗ್ರೂಪ್ ನನ್ನ ಫೋನಿನಲ್ಲಿದೆ. ಟೀಚರ್ ಇಲ್ಲದ ಇನ್ನೊಂದು ಗ್ರೂಪನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ವಾರ್ಷಿಕೋತ್ಸವದ ಫೋಟೊದಲ್ಲಿ ಅವಳ ಮುಖ ಕತ್ತರಿಸಿ ಸ್ಟಿಕರ್ ಮಾಡಿ ಹುಡುಗರು ಆಡಿಕೊಳ್ಳುತ್ತಿದ್ದಾರೆ. ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ಎಲ್ಲ ಡಿಲೀಟ್ ಮಾಡಿ ಫೋನ್ ಕಿತ್ತಿಟ್ಟುಕೊಳ್ಳಲಾ?

ಉತ್ತರ: ಎರಡೂ ಬೇಡ. ಡಿಲೀಟ್ ಮಾಡಿದರೆ ಸಾಕ್ಷಿ ಹೋಗುತ್ತದೆ. ಫೋನ್ ಕಿತ್ತುಕೊಂಡರೆ, ಹೇಳಿದ್ದಕ್ಕೆ ನನಗೇ ಶಿಕ್ಷೆ ಆಯ್ತು ಅಂತ ಅವಳು ಮುಂದಿನ ಸಲ ಬಾಯೇ ಬಿಡುವುದಿಲ್ಲ. ಅದು ಈ ಸ್ಟಿಕರ್‌ಗಿಂತ ದೊಡ್ಡ ಅಪಾಯ, ಅಲ್ವಾ?

ಗ್ರೂಪಿನ ಹೆಸರು, ಕಳಿಸಿದವರ ನಂಬರು, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅದಾದ ಮೇಲೆ ವಾಟ್ಸ್‌ಆ್ಯಪ್‌ಗೆ ರಿಪೋರ್ಟ್ ಮಾಡಿ. ನಿಮ್ಮನ್ನು ಯಾರು ಬೇಕಾದರೂ ಗ್ರೂಪಿಗೆ ಸೇರಿಸದಂತೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಬದಲಾಯಿಸಿ. ಆಮೇಲೆ ಕ್ಲಾಸ್ ಟೀಚರನ್ನು ಒಬ್ಬರೇ ಹೋಗಿ ನೋಡಿ. ಪೋಷಕರ ಗ್ರೂಪಿನಲ್ಲಿ ಹಾಕಿ ರಂಪ ಮಾಡಿದರೆ ಅದೇ ಫೋಟೊ ಇನ್ನೂ ನಲವತ್ತು ಫೋನಿಗೆ ಹೋಗುತ್ತದೆ. ಆ ಹುಡುಗರೂ ಹನ್ನೆರಡು ಹದಿಮೂರು ವರ್ಷದವರೇ. ಅಳಿಸಿಹಾಕಲಿ, ಅವರವರ ಅಪ್ಪ ಅಮ್ಮನ ಮುಂದೆ ಇದು ತಪ್ಪು ಅಂತ ಅವರಿಗೆ ಅರ್ಥವಾಗಲಿ. ವಾರ್ಷಿಕೋತ್ಸವದ ಫೋಟೊಗಳನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಬೇಕಿತ್ತಾ ಅಂತ ಶಾಲೆಯನ್ನೂ ಕೇಳಿ, ಅದು ನಿಮ್ಮ ಹಕ್ಕು.

ಫೋಟೊವನ್ನು ಅಶ್ಲೀಲವಾಗಿ ತಿದ್ದಿದ್ದರೆ ಮಾತ್ರ ಕಥೆಯೇ ಬೇರೆ. ಆಗ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ, ಮಕ್ಕಳ ಅಶ್ಲೀಲ ಚಿತ್ರ ಹರಡುವವರಿಗೆ ಶಿಕ್ಷೆ ಹೇಳುವ ಐಟಿ ಕಾಯ್ದೆಯ 67ಬಿ ಕಲಂ ಎಲ್ಲ ಬರುತ್ತವೆ. ಪೋಕ್ಸೊ ಅಪರಾಧ ಗೊತ್ತಾದ ಮೇಲೆ ಶಾಲೆಯ ಹೆಸರು ಕೆಡುತ್ತೆ ಅಂತ ಮುಚ್ಚಿಡಲು ಮುಖ್ಯೋಪಾಧ್ಯಾಯರಿಗೂ ಅವಕಾಶವಿಲ್ಲ, ಮುಚ್ಚಿಟ್ಟರೆ ಅದೇ ಒಂದು ಅಪರಾಧ. ಪೊಲೀಸರು ಅಂದರೆ ಮಗಳು ಹೆದರುತ್ತಾಳೆ ಅನ್ನುವ ಚಿಂತೆ ಇರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಹೇಳಿದ ಜಾಗದಲ್ಲೋ ತೆಗೆದುಕೊಳ್ಳಬೇಕು, ಪೊಲೀಸರು ಯೂನಿಫಾರಂನಲ್ಲಿ ಇರಬಾರದು ಅಂತ ಅದೇ ಕಾನೂನು ಹೇಳುತ್ತದೆ. ಇದನ್ನು ಮಗಳಿಗೂ ಹೇಳಿ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ಗೇಮ್ ಆಡುವಾಗ ಒಬ್ಬ ಫ್ರೆಂಡ್ ಆದ. ನನ್ನ ವಯಸ್ಸೇ ಅಂದಿದ್ದ. ಅವನು ಕೇಳಿದ ಅಂತ ಒಂದು ಫೋಟೊ ಕಳಿಸಿದೆ. ಈಗ ಇನ್ನೂ ಕಳಿಸು, ಇಲ್ಲಾಂದ್ರೆ ಎಲ್ಲರಿಗೂ ತೋರಿಸ್ತೀನಿ ಅಂತಾನೆ. ಅಪ್ಪಂಗೆ ಗೊತ್ತಾದ್ರೆ ಸ್ಕೂಲ್ ಬಿಡಿಸ್ತಾರೆ.

ಉತ್ತರ: ಪುಟ್ಟಾ, ಮೊದಲು ಇದನ್ನು ಕೇಳು. ತಪ್ಪು ಮಾಡುತ್ತಿರುವವನು ಅವನು, ನೀನಲ್ಲ. ಅವನು ನಿನ್ನ ವಯಸ್ಸಿನವನೂ ಆಗಿರಲಿಕ್ಕಿಲ್ಲ. ಮಕ್ಕಳನ್ನು ಹೀಗೆ ಹೆದರಿಸುವ ದೊಡ್ಡವರು ಇದ್ದಾರೆ, ಒಂದು ಕಳಿಸಿದರೆ ಬಿಡುತ್ತೀನಿ ಅಂತಾರೆ, ಬಿಡುವುದಿಲ್ಲ. ಅದಕ್ಕೇ ಇನ್ನೊಂದು ಫೋಟೊ ಬೇಡ, ದುಡ್ಡೂ ಬೇಡ. ಚಾಟ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗಿ. ಆಮೇಲೆ ಅವನನ್ನು ಬ್ಲಾಕ್ ಮಾಡು, ಉತ್ತರ ಕೊಡಬೇಡ.

ಇವತ್ತೇ ಒಬ್ಬ ದೊಡ್ಡವರಿಗೆ ಹೇಳು. ಅಪ್ಪ ಬೇಡ ಅಂದರೆ ಅಮ್ಮ, ಅತ್ತೆ, ಅಕ್ಕ, ನಿನಗೆ ಇಷ್ಟವಾದ ಟೀಚರ್, ಯಾರಾದರೂ ಸರಿ. ಬಾಯಲ್ಲಿ ಹೇಳಲು ಆಗದಿದ್ದರೆ ಈ ಪುಟ ತೋರಿಸಿ ‘ಇದು ನನಗೂ ಆಗಿದೆ’ ಅನ್ನು ಸಾಕು. ಯಾರೂ ಇಲ್ಲ ಅನಿಸಿದರೆ 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕಟ್ ಆಗುವುದಿಲ್ಲ. ಅಂಥ ಫೋಟೊ ನೆಟ್‌ನಲ್ಲಿ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆಯೂ ಇದೆ, ಅದರಲ್ಲಿ ಫೋಟೊವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನೀನು ಹೇಳಿದ ದೊಡ್ಡವರು ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಲಿ. ಮಕ್ಕಳ ವಿಷಯಕ್ಕೆ ಅಲ್ಲಿ ಬೇರೆಯೇ ವಿಭಾಗವಿದೆ, ಹೆಸರು ಹೇಳದೆಯೂ ಕೊಡಬಹುದು.

ಇದನ್ನು ಓದುತ್ತಿರುವ ಅಪ್ಪಂದಿರೇ, ಈ ಮಗುವಿಗೆ ಬೆದರಿಸುವವನಿಗಿಂತ ಅಪ್ಪನ ಭಯವೇ ಜಾಸ್ತಿ. ದಯವಿಟ್ಟು ಇವತ್ತು ರಾತ್ರಿ ಊಟಕ್ಕೆ ಕೂತಾಗ ‘ಏನೇ ಆದರೂ ನನಗೆ ಹೇಳು, ನಾನು ಬೈಯಲ್ಲ’ ಅಂತ ಬಾಯಿಬಿಟ್ಟು ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ.

ಪ್ರಶ್ನೆ: ಆರನೇ ಕ್ಲಾಸಿನ ಮೊಮ್ಮಗ ಹುಟ್ಟಿದ ವರ್ಷ 2005 ಅಂತ ಹಾಕಿ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಾನೆ. ಎಲ್ಲರೂ ಹಾಗೇ ಮಾಡ್ತಾರೆ ತಾತ ಅಂತಾನೆ. ಇದರಿಂದ ತೊಂದರೆ ಉಂಟಾ?

ಉತ್ತರ: ಉಂಟು. ಇನ್‌ಸ್ಟಾಗ್ರಾಂಗೆ ಕನಿಷ್ಠ 13 ವರ್ಷ ಆಗಿರಬೇಕು. 18ರ ಒಳಗಿನವರಿಗೆ ಅವರು ಬೇರೆಯೇ ಥರದ ಖಾತೆ ಕೊಡುತ್ತಾರೆ, ಅದರಲ್ಲಿ ಗುರುತಿಲ್ಲದವರು ಮೆಸೇಜ್ ಕಳಿಸಲಾಗದು, ಖಾತೆಯೂ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. 2005 ಅಂತ ಹಾಕಿದರೆ ಹನ್ನೊಂದು ವರ್ಷದ ಹುಡುಗ ಅವರ ಲೆಕ್ಕದಲ್ಲಿ ದೊಡ್ಡವನು, ಈ ತಡೆ ಯಾವುದೂ ಅವನಿಗೆ ಸಿಗುವುದಿಲ್ಲ. ಗದರಬೇಡಿ, ಇದನ್ನೇ ಅವನಿಗೆ ಬಿಡಿಸಿ ಹೇಳಿ. ಜೊತೆಯಲ್ಲಿ ಕೂತು ಆ ಖಾತೆ ಅಳಿಸಿ, 13 ಆದ ಮೇಲೆ ನಿಜವಾದ ತಾರೀಖು ಹಾಕಿ ಇಬ್ಬರೂ ಸೇರಿ ತೆರೆಯೋಣ ಅನ್ನಿ.