ಪ್ವೆಬ್ಲಾದ ಅತ್ತೆ ಮನೆಗೆ ಮೊದಲ ಸಲ

ಪ್ರಶ್ನೆ: ನಾನು ಉಡುಪಿಯವಳು, ಕೆಲಸ ಮಣಿಪಾಲದಲ್ಲಿ. ಮದುವೆಯಾಗಬೇಕು ಎಂದುಕೊಂಡಿರುವ ಹುಡುಗ ಮೆಕ್ಸಿಕೋದ ಪ್ವೆಬ್ಲಾ ನಗರದವನು. ಜರ್ಮನಿಯಲ್ಲಿ ಓದುವಾಗ ಪರಿಚಯ. ಈ ಕ್ರಿಸ್‌ಮಸ್‌ಗೆ ಅವನ ಮನೆಗೆ ಹೋಗುತ್ತಿದ್ದೇನೆ. ಅಪ್ಪ, ಅಮ್ಮ, ಅಜ್ಜಿ, ಜೊತೆಗೆ ಚಿಕ್ಕಪ್ಪ ದೊಡ್ಡಪ್ಪಂದಿರ ದೊಡ್ಡ ಸಂಸಾರ. ನನ್ನ ಸ್ಪ್ಯಾನಿಷ್ ಮೊಬೈಲಿನಲ್ಲಿ ಕಲಿತಷ್ಟೇ. ನಾನು ಸಸ್ಯಾಹಾರಿ ಬೇರೆ. ಮೊದಲ ದಿನವೇ ಎಡವಟ್ಟು ಆಗದ ಹಾಗೆ ಎಂತ ಮಾಡಲಿ?
– ಹೆಸರು ಬೇಡ, ಉಡುಪಿ

ಉತ್ತರ: ಭಾಷೆಯ ತಲೆಬಿಸಿ ಬಿಡಿ ಮಾರಾಯ್ರೆ. ನಿಮ್ಮ ವ್ಯಾಕರಣ ತಪ್ಪಿದರೆ ಅವರು ನಗಬಹುದು, ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಆಗುವುದು ನೀವು ಹುಡುಗನ ಬೆನ್ನಿಗೆ ಅಂಟಿಕೊಂಡು, ಅವನ ಕಿವಿಯಲ್ಲಿ ಇಂಗ್ಲಿಷ್ ಪಿಸುಗುಟ್ಟುತ್ತಾ ಇಡೀ ಸಂಜೆ ಕಳೆದರೆ.

ಕಷ್ಟ ಶುರುವಾಗುವುದು ಬಾಗಿಲಲ್ಲೇ. ನಮ್ಮಲ್ಲಿ ಒಳಗೆ ಕಾಲಿಟ್ಟು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿದರೆ ಆಯ್ತು. ಅಲ್ಲಿ ಹಾಗಲ್ಲ. ಕೋಣೆಯಲ್ಲಿ ಇಪ್ಪತ್ತು ಜನ ಇದ್ದರೆ ಇಪ್ಪತ್ತು ಜನರ ಹತ್ತಿರವೂ ಹೋಗಬೇಕು, ಕೆನ್ನೆಗೆ ಕೆನ್ನೆ ತಾಗಿಸಿ ಒಂದೇ ಒಂದು ಮುತ್ತಿನ ಸದ್ದು, ಬೆನ್ನ ಮೇಲೆ ಒಂದು ತಟ್ಟು. ಗಂಡಸರೂ ಹೆಂಗಸರ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ, ಗಾಬರಿ ಬೇಡ. ಹೊರಡುವಾಗ ಮತ್ತೆ ಅಷ್ಟೂ ಜನರ ಹತ್ತಿರ ಇನ್ನೊಂದು ಸುತ್ತು. ಸುಮ್ನೆ ಕೈ ಬೀಸಿ ಹೊರಟರೆ ಸಿಟ್ಟು ಮಾಡಿಕೊಂಡು ಹೋದಳೇನೋ ಅನ್ನಿಸುತ್ತದೆ. ಅಜ್ಜಿಯ ಕಾಲು ಮುಟ್ಟಲು ಬಗ್ಗಬೇಡಿ, ಪಾಪ ಅವರು ಏನೋ ಕೆಳಗೆ ಬಿತ್ತು ಎಂದು ಹುಡುಕಲು ಶುರು ಮಾಡಿಯಾರು! ಆದರೆ ನೀವು ಹೊರಡುವಾಗ ಅವರು ನಿಮ್ಮ ಹಣೆಯ ಮುಂದೆ ಬೆರಳಿನಿಂದ ಶಿಲುಬೆ ಎಳೆದರೆ ತಲೆ ತಗ್ಗಿಸಿ ನಿಲ್ಲಿ. ಅದು ಅವರ ಆಶೀರ್ವಾದ.

ಆ್ಯಪ್‌ಗಳು ಹೆಚ್ಚಾಗಿ ಕಲಿಸುವುದು 'ತೂ', ಅಂದರೆ ನೀನು. ಹಿರಿಯರಿಗೆ 'ಉಸ್ತೆದ್' ಅನ್ನಿ. ತುಳುವಿನಲ್ಲಿ ಹಿರಿಯರಿಗೆ 'ಈರ್' ಅನ್ನುವ ನಿಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅತ್ತೆಯನ್ನು 'ಸೆನ್ಯೋರಾ' ಎಂದು ಕರೆಯಿರಿ, ಬೇರೆ ಏನಾದರೂ ಕರೆ ಎಂದು ಅವರೇ ಹೇಳುವ ತನಕ. ಅಲ್ಲಿ ಎಲ್ಲರಿಗೂ ಎರಡು ಅಡ್ಡಹೆಸರು, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಮದುವೆಯಾದ ಮೇಲೂ ಹೆಂಗಸರ ಹೆಸರು ದಾಖಲೆಯಲ್ಲಿ ಬದಲಾಗುವುದಿಲ್ಲ. ಹಾಗಾಗಿ ಅತ್ತೆಯ ಹೆಸರು ಗಂಡನ ಹೆಸರಿಗೆ ಹೊಂದದಿದ್ದರೆ ಇದರಲ್ಲಿ ಏನೋ ಕತೆ ಉಂಟು ಎಂದು ಯೋಚಿಸಲು ಕೂರಬೇಡಿ.

ಈಗ ಊಟ. ಇದು ನಿಜವಾಗಿ ಕಷ್ಟದ ವಿಷಯ. ಪ್ವೆಬ್ಲಾದ ಹೆಮ್ಮೆ ಅಂದರೆ 'ಮೋಲೆ', ಒಣಮೆಣಸು, ಮಸಾಲೆ, ಎಳ್ಳು, ಬೀಜಗಳು, ಸ್ವಲ್ಪ ಚಾಕಲೇಟು ಎಲ್ಲ ಅರೆದು ಕುದಿಸುವ ಗಟ್ಟಿ ಸಾರು. ಕೇಳುವಾಗ ನಮ್ಮದೇ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಕೋಳಿಯ ರಸ ಹಾಕಿಯೇ ಮಾಡುತ್ತಾರೆ. ಬೀನ್ಸ್ ಕಾಳಿಗೆ ಹಂದಿಯ ಕೊಬ್ಬು ಹಾಕುವ ಮನೆಗಳೂ ಜಾಸ್ತಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಟರ್ಕಿ ಕೋಳಿ, ಉಪ್ಪುಮೀನಿನ ಬಕಲಾವೊ ಇವೆಲ್ಲ ಇರುತ್ತವೆ. 'ನಾನು ಮಾಂಸ ತಿನ್ನುವುದಿಲ್ಲ' ಅಂದರೆ ಕೋಳಿ ಮೀನು ಆಗಬಹುದಲ್ವಾ ಎನ್ನುವವರು ಸಿಗುತ್ತಾರೆ, ಹಾಗಾಗಿ ಒಂದೊಂದನ್ನೂ ಹೆಸರಿಸಿಯೇ ಹೇಳಬೇಕು. ಇದನ್ನು ಹೇಳಬೇಕಾದವನು ನಿಮ್ಮ ಹುಡುಗ, ಅದೂ ಈಗಲೇ, ಫೋನಿನಲ್ಲಿ. ಬಡಿಸಿದ ಮೇಲೆ ತಟ್ಟೆ ಸರಿಸಿದರೆ ಅಡುಗೆ ಮಾಡಿದವರಿಗೆ ಎಷ್ಟು ನೋವಾಗುತ್ತದೆ ಎಂಬುದು ಉಡುಪಿಯವರಿಗೆ ಗೊತ್ತಿಲ್ಲದ್ದಲ್ಲ. ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ, ಅದರೊಳಗೆ ಚೀಸ್, ಕುಂಬಳ ಹೂವು ಇಟ್ಟು ಮಡಚಿದ ಕೆಸಾದಿಯಾ, ಕ್ರೀಮಿನಲ್ಲಿ ಬೇಯಿಸಿದ ಮೆಣಸಿನ ಸೀಳು, ಪಾಪಾಸುಕಳ್ಳಿಯ ಪಲ್ಯ, ನಿಮಗೆ ಉಪವಾಸ ಬೀಳುವುದಿಲ್ಲ. ಚೀಸ್ ತಿನ್ನುತ್ತೀರಿ ತಾನೇ?

ಅಡುಗೆಮನೆಗೆ ಹೋಗಿ, ಕರೆಯದಿದ್ದರೂ ಹೋಗಿ. ಮೆಣಸು ಅರೆಯುವವರ ಪಕ್ಕ ನಿಂತು ಇದು ಯಾವ ಮೆಣಸು ಎಂದು ಕೇಳಿದರೆ ಸಾಕು, ಅರ್ಧ ಗಂಟೆ ಮಾತು ಮುಂದುವರಿಯುತ್ತದೆ. ನಮ್ಮ ಬ್ಯಾಡಗಿಯ ಮೂಲವೂ ಅವರ ಕಡೆಯೇ, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದದ್ದು ಎಂದು ಹೇಳಿ, ಖುಷಿಪಡುತ್ತಾರೆ. ಊಟ ಮುಗಿದ ಕೂಡಲೇ ಮಾತ್ರ ಏಳಬೇಡಿ. ಮಠದ ಊಟದ ಹಾಗೆ ಕೈ ತೊಳೆದು ಹೊರಡುವ ಅಭ್ಯಾಸ ಅಲ್ಲಿ ನಡೆಯದು. ತಟ್ಟೆ ಖಾಲಿಯಾದ ಮೇಲೆ ಕಾಫಿ, ಹರಟೆ, ಅದೇ ಹಳೆ ಕತೆ, ಒಂದೆರಡು ಗಂಟೆ. ಅರ್ಥ ಆಗದಿದ್ದರೂ ಫೋನ್ ತೆಗೆಯದೆ ಕೂತಿರಿ.

ಉಡುಗೊರೆಗೆ ಶಂಕರಪುರ ಮಲ್ಲಿಗೆಯ ಚೆಂಡು ಒಯ್ಯುವ ಆಸೆ ಇದ್ದರೆ ಬಿಡಿ. ಹೂವು, ಹಣ್ಣು, ಬಿತ್ತನೆ ಬೀಜ ವಿಮಾನ ನಿಲ್ದಾಣ ದಾಟುವುದು ಕಷ್ಟ. ಹುರಿದು ಪ್ಯಾಕ್ ಮಾಡಿದ ಗೇರುಬೀಜ ಆದೀತು, ಆದರೂ ಅಲ್ಲಿನ ನಿಯಮ ಒಮ್ಮೆ ನೋಡಿಕೊಳ್ಳಿ. ಉಡುಪಿ ಕೈಮಗ್ಗದ ಬಟ್ಟೆ ಇನ್ನೂ ಒಳ್ಳೆಯದು. ಅಲ್ಲಿ ಹೂವು ಕೊಳ್ಳುವುದಾದರೆ ಚೆಂಡುಹೂವು ಬೇಡ. ನಮಗದು ದೀಪಾವಳಿಗೂ ವಾಹನ ಪೂಜೆಗೂ ಬೇಕು, ಆದರೆ ಅದರ ತವರಾದ ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2ರಂದು ತೀರಿಹೋದವರಿಗೆ ಇಡುವ ಹೂವು ಅದು. ಡಿಸೆಂಬರಿನಲ್ಲಿ ಎಲ್ಲೆಲ್ಲೂ ಸಿಗುವ ಕೆಂಪೆಲೆಯ ನೋಚೆಬ್ವೇನಾ ಗಿಡ ಒಂದು ಒಯ್ಯಿರಿ.

ಮಾತಿಗೆ ವಿಷಯ ಬೇಕಾ? ಮೇ 5ರ ಬಗ್ಗೆ ಕೇಳಿ. ಆದರೆ ಅದನ್ನು ಸ್ವಾತಂತ್ರ್ಯ ದಿನ ಅಂದುಬಿಡಬೇಡಿ, ಅದು ಸೆಪ್ಟೆಂಬರ್ 16. ಮೇ 5 ಅಂದರೆ 1862ರಲ್ಲಿ ಅದೇ ಪ್ವೆಬ್ಲಾದಲ್ಲಿ ಫ್ರೆಂಚ್ ಸೈನ್ಯವನ್ನು ಸೋಲಿಸಿದ ದಿನ. ಇನ್ನೊಂದು ಉಂಟು. ನೀವು ಭಾರತದವರು ಎಂದ ಕೂಡಲೇ ಯಾರಾದರೂ ಕತರೀನಾ ದೆ ಸಾನ್ ಹುವಾನ್ ಹೆಸರು ಎತ್ತಬಹುದು. ಭಾರತದಲ್ಲಿ ಸೆರೆಹಿಡಿದು ಗುಲಾಮಳಾಗಿ ಮನಿಲಾ ಮೂಲಕ ಒಯ್ದ ಹುಡುಗಿ, 1688ರಲ್ಲಿ ಪ್ವೆಬ್ಲಾದಲ್ಲಿ ತೀರಿಕೊಂಡಾಗ ಊರೇ ಅವಳನ್ನು ಸಂತಳ ಹಾಗೆ ನೋಡುತ್ತಿತ್ತು. ಅಲ್ಲಿನ ಹೆಂಗಸರ ಪ್ರಸಿದ್ಧ 'ಚೀನಾ ಪೊಬ್ಲಾನಾ' ದಿರಿಸು ಅವಳಿಂದಲೇ ಬಂತು ಎನ್ನುವುದು ದಂತಕಥೆ, ವಾದಕ್ಕೆ ಇಳಿಯಬೇಡಿ. ಸಿನಿಮಾದಲ್ಲಿ ನೋಡಿದ ಡ್ರಗ್ಸ್ ಗ್ಯಾಂಗುಗಳ ಸುದ್ದಿಯಂತೂ ಖಂಡಿತ ಬೇಡ.

ಸ್ವೆಟರ್ ಮರೆಯಬೇಡಿ. ಆ ಊರು ಸಮುದ್ರಮಟ್ಟದಿಂದ 2,100 ಮೀಟರಿಗೂ ಎತ್ತರದಲ್ಲಿದೆ, ಮಲ್ಪೆ ಗಾಳಿಗೆ ಒಗ್ಗಿದವರಿಗೆ ಡಿಸೆಂಬರ್ ರಾತ್ರಿ ನಡುಕ ಬರುತ್ತದೆ.

ಪ್ರಶ್ನೆ: ಮಗಳ ಭಾವೀ ಗಂಡನ ಅಪ್ಪ ಅಮ್ಮ ಸ್ಪೇನಿನ ವೆಲೆನ್ಸಿಯಾದಿಂದ ನಮ್ಮ ಮನೆಗೆ ಬರುತ್ತಿದ್ದಾರೆ. ಊಟಕ್ಕೆ ಎಂತ, ಎಷ್ಟು ಹೊತ್ತಿಗೆ?
– ಓರ್ವ ತಾಯಿ, ಸುರತ್ಕಲ್

ಉತ್ತರ: ಅಮ್ಮಾ, ಹನ್ನೆರಡೂವರೆಗೆ ಎಲೆ ಹಾಕಬೇಡಿ. ಅವರ ಮಧ್ಯಾಹ್ನದ ಊಟ ಎರಡು ಗಂಟೆ ಮೇಲೆ, ರಾತ್ರಿಯದು ಒಂಬತ್ತರ ನಂತರ. ಖಾರ ಮೆಕ್ಸಿಕೋದ್ದು, ಸ್ಪೇನಿನದ್ದಲ್ಲ, ಆದ್ದರಿಂದ ನೀರುದೋಸೆ, ತೆಂಗಿನ ಹಾಲಿನ ತೆಳು ಗಸಿ, ಮೀನು ಫ್ರೈಗೆ ಮೆಣಸಿನ ಪುಡಿ ಕಡಿಮೆ. ಚಪ್ಪಲಿ ಹೊರಗೆ ಬಿಡಬೇಕು ಎಂದು ಅಳಿಯನಿಂದ ಮೊದಲೇ ಹೇಳಿಸಿ, ತೂತಿಲ್ಲದ ಸಾಕ್ಸ್ ಹಾಕಿಕೊಂಡು ಬರುತ್ತಾರೆ. ಅವರ ಊರಿನ ಅನ್ನದ ಅಡುಗೆ ಪಾಯೆಯಾದ ಮಾತು ಬಂದರೆ 'ನಮ್ಮ ಬಿರಿಯಾನಿ ಹಾಗೆಯೇ' ಅನ್ನಬೇಡಿ, ವೆಲೆನ್ಸಿಯಾದವರಿಗೆ ಅದು ರುಚಿಸುವುದಿಲ್ಲ.