ಮಸುಕಾದ ಫೋಟೊಗಳ ಲೆಕ್ಕ ಎಲ್ಲಿ ಹೋಯಿತು?

ಮೇಷ್ಟ್ರೇ, ನಮಸ್ಕಾರ.

ಸಕ್ಕರೆ ಕಾಯಿಲೆಯವರ ಕಣ್ಣು ನೋಡುವ ಎಐ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಾಗ, ಇಂಥ ಪ್ರಯೋಗಗಳ ವರದಿಗಳು ಅರೆಬರೆಯಾಗಿವೆ ಎಂದು ನಾವು ತಕರಾರು ತೆಗೆದಿದ್ದೆವು. ಅದು ನಿಮಗೆ ಹಿಡಿಸಲಿಲ್ಲ. “ಯಂತ್ರ ರೋಗ ಹಿಡಿಯುತ್ತದೋ ಇಲ್ಲವೋ, ಅಷ್ಟು ಹೇಳಿ. ವರದಿ ಹೇಗೆ ಬರೆದರೆ ರೋಗಿಗೇನು? ಇದೆಲ್ಲ ಡಾಕ್ಟರುಗಳು ಯಂತ್ರಕ್ಕೆ ಕಟ್ಟುವ ಬೇಲಿ” ಎಂದು ಬರೆದಿದ್ದೀರಿ. ಮನೆಯವರನ್ನು ಎಐ ಇರುವ ಕಣ್ಣಿನ ಕ್ಯಾಂಪ್‌ಗೆ ಕರೆದುಕೊಂಡು ಹೋಗಬಹುದೇ ಎಂದೂ ಕೇಳಿದ್ದೀರಿ.

ಮೊದಲು ಗೂಗಲ್‌ನ ಕಥೆ ಹೇಳುತ್ತೇನೆ. 2016ರಲ್ಲಿ ಅವರ ತಂಡ ಸುಮಾರು 1.28 ಲಕ್ಷ ಕಣ್ಣಿನ ಫೋಟೊಗಳಿಂದ ಒಂದು ಎಐ ತಯಾರಿಸಿ ತೋರಿಸಿತು. ಅದರಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಫೋಟೊಗಳೂ ಇದ್ದವು. ಫಲಿತಾಂಶ ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಅದು ಥಾಯ್ಲೆಂಡಿನ ಸರ್ಕಾರಿ ಕ್ಲಿನಿಕ್‌ಗಳಿಗೆ ಹೋಯಿತು. ಅಲ್ಲಿ ಫೋಟೊ ತೆಗೆಯುವವರು ನರ್ಸ್‌ಗಳು. ಎಷ್ಟೋ ಕಡೆ ಫೋಟೊ ಚೆನ್ನಾಗಿ ಬರಲು ಬೇಕಾದ ಕತ್ತಲೆ ಕೋಣೆಯೇ ಇಲ್ಲ, ಇಂಟರ್‌ನೆಟ್ ಬೇರೆ ನಿಧಾನ. ಕೊಟ್ಟ 1,838 ಫೋಟೊಗಳಲ್ಲಿ 393 ಫೋಟೊಗಳನ್ನು ಯಂತ್ರ ಓದಲೇ ಇಲ್ಲ. ಐದರಲ್ಲಿ ಒಂದಕ್ಕಿಂತ ಜಾಸ್ತಿ! ಫೋಟೊ ಸರಿಯಿಲ್ಲದಿದ್ದರೆ ಉತ್ತರ ಕೊಡಬೇಡ ಎಂದೇ ಅದಕ್ಕೆ ಕಲಿಸಿದ್ದರು. ಅದು ತಪ್ಪಲ್ಲ. ಆದರೆ ರೋಗಿ ಇನ್ನೊಂದು ದಿನದ ಕೆಲಸ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕು. ಇದನ್ನು 2020ರಲ್ಲಿ ಬರೆದು ಪ್ರಕಟಿಸಿದ್ದು ಗೂಗಲ್‌ನವರೇ ಎಂಬುದನ್ನೂ ಹೇಳಬೇಕು.

ನೀವು ಲೆಕ್ಕ ಕಲಿಸಿದವರು. ಸುಮ್ನೆ ಹೀಗೆ ಇಟ್ಟುಕೊಳ್ಳಿ: ನೂರು ಜನ ಬಂದರು, 20 ಜನರ ಫೋಟೊ ಮಸುಕಾಗಿದೆ ಎಂದು ಪಕ್ಕಕ್ಕೆ ಹೋಯಿತು, ಉಳಿದ 80ರಲ್ಲಿ 72 ಸರಿ ಬಂತು. “ಶೇ. 90 ನಿಖರ” ಎಂದು ಬರೆದರೂ ಸುಳ್ಳಲ್ಲ. ಆದರೆ ಬಾಗಿಲಿಗೆ ಬಂದ ನೂರು ಜನರಲ್ಲಿ ಸರಿ ಉತ್ತರ ಸಿಕ್ಕಿದ್ದು 72 ಜನರಿಗೆ. ಆ 20 ಜನ ಏನಾದರು ಎಂದು ವರದಿ ಹೇಳದಿದ್ದರೆ ಓದುವವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಅಲ್ವಾ?

ಎಐ ಪ್ರಯೋಗಗಳ ವರದಿ ಹೇಗಿರಬೇಕು ಎಂದು ಹೇಳುವ ಕನ್ಸಾರ್ಟ್-ಎಐ ಎಂಬ ಪಟ್ಟಿ ಕೇಳುವುದು ಇದನ್ನೇ. ಔಷಧ, ಚಿಕಿತ್ಸೆಗಳ ಪ್ರಯೋಗವನ್ನು ಹೇಗೆ ವರದಿ ಮಾಡಬೇಕು ಎನ್ನುವ ಕನ್ಸಾರ್ಟ್ ಪಟ್ಟಿ 1996ರಿಂದ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಎಐಗಾಗಿ 14 ಅಂಶ ಸೇರಿಸಿದರು. ಕೆಟ್ಟ ಫೋಟೊ ಬಂದಾಗ ಏನು ಮಾಡಿದಿರಿ? ಯಂತ್ರ ಎಲ್ಲೆಲ್ಲಿ ತಪ್ಪಿತು? ಅದರ ಮಾತನ್ನು ಡಾಕ್ಟರು ಹೇಗೆ ಬಳಸಿದರು? ಸಾಫ್ಟ್‌ವೇರ್‌ನ ಯಾವ ಆವೃತ್ತಿ? ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಮೊಬೈಲ್ ಆ್ಯಪ್‌ನಂತೆ ಇದೂ ಅಪ್‌ಡೇಟ್ ಆಗುತ್ತಿರುತ್ತದೆ. ಪರೀಕ್ಷೆಯಲ್ಲಿ ಗೆದ್ದದ್ದು ಒಂದು, ಆಸ್ಪತ್ರೆ ಕೊಂಡದ್ದು ಇನ್ನೊಂದು ಆಗಬಹುದು.

2022ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಎಐ ಬಳಸಿದ 41 ವೈದ್ಯಕೀಯ ಪ್ರಯೋಗಗಳನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿತು. ಎಲ್ಲ ಅಂಶಗಳನ್ನೂ ಪಾಲಿಸಿದ್ದು ಒಂದೂ ಇರಲಿಲ್ಲ. 38 ವರದಿಗಳಲ್ಲಿ ಕೆಟ್ಟ ಫೋಟೊ ಅಥವಾ ಸಿಗದ ಮಾಹಿತಿಯನ್ನು ಏನು ಮಾಡಿದರು ಎಂಬ ಮಾತೇ ಇಲ್ಲ. ಕೆಲವು ಪ್ರಯೋಗ ಪಟ್ಟಿಗಿಂತ ಹಳೆಯವು, ಒಪ್ಪೋಣ. ಆದರೂ 38 ಅಂದರೆ ಜಾಸ್ತಿಯೇ ಆಯಿತು.

ಬೇಲಿ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಸ್ವೀಡನ್‌ನಲ್ಲಿ 80 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಎಐ ಬಳಸಿ ಸ್ತನ ಕ್ಯಾನ್ಸರ್ ತಪಾಸಣೆ ಮಾಡುವ ಮಾಸಾಯ್ ಎಂಬ ಪ್ರಯೋಗ ನಡೆಯಿತು. 2023ರ ವರದಿಯ ಪ್ರಕಾರ ಎಐ ಇದ್ದ ಗುಂಪಿನಲ್ಲಿ 244 ಕ್ಯಾನ್ಸರ್ ಸಿಕ್ಕವು, ಇಲ್ಲದ ಗುಂಪಿನಲ್ಲಿ 203. ಎಕ್ಸ್‌ರೇ ಓದುವ ಡಾಕ್ಟರುಗಳ ಕೆಲಸ ಶೇ. 44ರಷ್ಟು ಇಳಿಯಿತು. ಹೀಗೆ ಎರಡೂ ಗುಂಪಿನ ಲೆಕ್ಕ ಬಿಡಿಸಿ ಇಟ್ಟಿದ್ದಕ್ಕೇ ಅನುಮಾನ ಪಡುವವರೂ ಅದನ್ನು ಗಂಭೀರವಾಗಿ ಓದಿದರು. ಹಾಗಂತ ವರದಿ ಪೂರ್ತಿ ಇದ್ದ ಮಾತ್ರಕ್ಕೆ ಪ್ರಯೋಗ ಒಳ್ಳೆಯದು ಎಂದೇನಲ್ಲ. ಕೆಟ್ಟ ಪ್ರಯೋಗವನ್ನೂ ಪ್ರಾಮಾಣಿಕವಾಗಿ ಬರೆಯಬಹುದು. ಆಗ ಅದು ಕೆಟ್ಟದ್ದು ಎಂದಾದರೂ ತಿಳಿಯುತ್ತದೆ.

ಇನ್ನು ಕ್ಯಾಂಪ್ ವಿಷಯ. ಖಂಡಿತ ಕರೆದುಕೊಂಡು ಹೋಗಿ. “ಫೋಟೊ ಸರಿಯಾಗಿ ಬಂದಿಲ್ಲ” ಎಂದರೆ ಮಾತ್ರ ರೋಗ ಇಲ್ಲ ಎಂದುಕೊಂಡು ಮನೆಗೆ ಬರಬೇಡಿ. ವಯಸ್ಸಾದವರಲ್ಲಿ ಕಣ್ಣಿನ ಪೊರೆಯಿಂದಲೂ ಫೋಟೊ ಮಸುಕಾಗುತ್ತದೆ. ಕಣ್ಣಿಗೆ ಡ್ರಾಪ್ಸ್ ಹಾಕಿಸಿ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿಬಿಡಿ.

— ಸಂಪಾದಕ