ಲೇಸು ಕಟ್ಟಿಕೊಳ್ಳುತ್ತ ಕೂತ ಆ ಮನುಷ್ಯ

ಮಾನ್ಯ ಓದುಗರೇ,

ಪಿಟ್ಸ್‌ಬರ್ಗಿನ ಮಗಳ ಮನೆಗೆ ಹೋದಾಗ ನದಿ ದಂಡೆಯಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತ ಕೂತವರ ಕಂಚಿನ ಪ್ರತಿಮೆ ನೋಡಿದಿರಿ. ಅವರ ಹೆಸರೆತ್ತಿದರೆ ಐವತ್ತು ದಾಟಿದ ಅಮೆರಿಕನ್ನರ ಕಣ್ಣಲ್ಲಿ ನೀರಾಡುವುದನ್ನೂ ನೋಡಿದಿರಿ. ಆದರೆ ಅವರ ಟೀವಿ ಕಾರ್ಯಕ್ರಮದ ಹಳೆಯ ಕಂತೊಂದನ್ನು ಹಾಕಿ ನೋಡಿದರೆ ‘ಅರ್ಧ ಗಂಟೆಯಲ್ಲಿ ಏನೂ ನಡೆಯಲೇ ಇಲ್ಲ’ ಎಂದು ಬರೆದಿದ್ದೀರಿ. ಇಷ್ಟು ಪ್ರೀತಿ ಯಾತಕ್ಕೆ ಎಂಬುದು ನಿಮ್ಮ ಮೊದಲ ಪ್ರಶ್ನೆ. ವಿಡಿಯೊ ಕಾಲ್‌ನಲ್ಲಿ ಎರಡೇ ನಿಮಿಷಕ್ಕೆ ಎದ್ದು ಓಡುವ ಐದು ವರ್ಷದ ಮೊಮ್ಮಗನ ವಿಷಯದಲ್ಲಿ ಅವರಿಂದ ಕಲಿಯುವುದೇನಾದರೂ ಇದೆಯೇ ಎಂಬುದು ಎರಡನೆಯದು.

ಅವರು ಫ್ರೆಡ್ ರಾಜರ್ಸ್ (1928–2003). ಅವರು ನಡೆಸಿಕೊಡುತ್ತಿದ್ದ ಮಕ್ಕಳ ಟೀವಿ ಕಾರ್ಯಕ್ರಮ ‘ಮಿಸ್ಟರ್ ರಾಜರ್ಸ್ ನೇಬರ್‌ಹುಡ್’ 1968ರಲ್ಲಿ ಅಮೆರಿಕದಾದ್ಯಂತ ಪ್ರಸಾರವಾಗತೊಡಗಿತು. 2001ರಲ್ಲಿ ಕೊನೆಯ ಹೊಸ ಕಂತು ಬರುವ ಹೊತ್ತಿಗೆ ಸುಮಾರು 900 ಕಂತುಗಳಾಗಿದ್ದವು. ಮೆಲುದನಿ ಅವರ ಸ್ವಭಾವವೇ ಇರಬಹುದು, ಆದರೆ ಆ ಪ್ರೀತಿಯನ್ನು ಗಳಿಸಿಕೊಟ್ಟದ್ದು ಅದರ ಹಿಂದಿನ ದುಡಿಮೆ. ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞೆಯ ಜೊತೆ ದಶಕಗಳ ಕಾಲ ಕೂತು ಅವರು ತಮ್ಮ ಬರಹವನ್ನು ತಿದ್ದಿಕೊಂಡರು.

ಆ ತಿದ್ದುವಿಕೆಯ ರೀತಿಯನ್ನು ಅವರ ತಂಡದ ಇಬ್ಬರು ಒಂಬತ್ತು ಮೆಟ್ಟಿಲುಗಳಾಗಿ ಬರೆದಿಟ್ಟರು. ‘ರಸ್ತೆಯಲ್ಲಿ ಆಡುವುದು ಅಪಾಯ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಮೊದಲು ಹೆದರಿಕೆಯ ಮಾತು ಹೋಗಿ ‘ಅಪಾಯವಿಲ್ಲದ ಕಡೆ ಆಡುವುದು ಒಳ್ಳೆಯದು’ ಎಂದಾಗುತ್ತದೆ. ಅಂಥ ಜಾಗ ಯಾವುದೆಂದು ಮಗುವಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ‘ಎಲ್ಲಿ ಆಡಬಹುದೆಂದು ಅಪ್ಪ ಅಮ್ಮನನ್ನು ಕೇಳು’. ಅದರಲ್ಲಿ ಅಪ್ಪಣೆಯ ಧಾಟಿ ಇದೆಯೆಂದು ‘ಅಪ್ಪ ಅಮ್ಮ ಹೇಳುತ್ತಾರೆ’ ಎಂದು ಬದಲಾಯಿಸುತ್ತಾರೆ. ಅವರು ಹೇಳದೇ ಇದ್ದರೆ ಮಾತು ಸುಳ್ಳಾಗುತ್ತದಲ್ಲ, ಹಾಗಾಗಿ ‘ಹೇಳಬಹುದು’. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವೂ ನೋಡುತ್ತಿರುತ್ತದೆ, ಆದ್ದರಿಂದ ‘ನಿನಗೆ ಇಷ್ಟವಾದ ದೊಡ್ಡವರು ಹೇಳಬಹುದು’. ಇಷ್ಟಾದ ಮೇಲೂ ಮೂರು ಮೆಟ್ಟಿಲು ಉಳಿದಿರುತ್ತವೆ. ಟೀವಿ ಮುಂದೆ ಕೂತ ಒಂದೇ ಒಂದು ಮಗುವೂ ಹೊರಗುಳಿಯಬಾರದು ಎಂಬ ಹಟ ಇದರಲ್ಲಿದೆ. ನಮಗೆ ಅವರಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

ಕಾರ್ಯಕ್ರಮದಲ್ಲಿ ತೊಟ್ಟಿಯ ಮೀನಿಗೆ ಆಹಾರ ಹಾಕುವಾಗ ‘ಮೀನಿಗೆ ಊಟ ಹಾಕುತ್ತಿದ್ದೇನೆ’ ಎಂದು ಅವರು ಬಾಯಿಬಿಟ್ಟು ಹೇಳುವುದನ್ನು ಗಮನಿಸಿದಿರಾ? ಕಣ್ಣು ಕಾಣದ ಪುಟ್ಟ ಹುಡುಗಿಯೊಬ್ಬಳ ಮನೆಯಿಂದ ಪತ್ರ ಬಂದಿತ್ತು. ಮೀನುಗಳು ಉಪವಾಸ ಇವೆಯೇನೋ ಎಂಬುದು ಆ ಮಗುವಿನ ಚಿಂತೆ. ಆಮೇಲೆ ಅವರು ಅದನ್ನು ಹೇಳುವುದನ್ನು ರೂಢಿ ಮಾಡಿಕೊಂಡರು.

‘ಏನೂ ನಡೆಯಲಿಲ್ಲ’ ಎಂದಿರಿ. 1968ರ ಜೂನ್‌ನಲ್ಲಿ ರಾಜಕಾರಣಿ ರಾಬರ್ಟ್ ಕೆನಡಿಯ ಹತ್ಯೆಯಾದಾಗ, ಕೆಲವೇ ದಿನಗಳಲ್ಲಿ ಅವರ ಕೈಗೊಂಬೆ ಡೇನಿಯಲ್ ಹುಲಿ ‘ಹತ್ಯೆ ಎಂದರೇನು?’ ಎಂದು ಕೇಳಿತು. 1969ರಲ್ಲಿ, ಕರಿಯರನ್ನು ಈಜುಕೊಳಕ್ಕೆ ಸೇರಿಸುವ ಜಗಳ ಇನ್ನೂ ಆರದಿದ್ದ ಕಾಲದಲ್ಲಿ, ಕಪ್ಪು ವರ್ಣದ ಪೊಲೀಸ್ ಪಾತ್ರಧಾರಿ ಫ್ರಾಂಸ್ವಾ ಕ್ಲೆಮನ್ಸ್ ಅವರನ್ನು ಕರೆದು ಒಂದೇ ತೊಟ್ಟಿಯ ನೀರಿನಲ್ಲಿ ಇಬ್ಬರೂ ಕಾಲು ಇಳಿಬಿಟ್ಟು ಕೂತರು. ಅದರ ಬಗ್ಗೆ ಭಾಷಣ ಮಾಡಲಿಲ್ಲ.

ಇನ್ನು ಮೊಮ್ಮಗನ ವಿಷಯ. ನಿಧಾನವಾಗಿ ಮಾತಾಡಿದರೆ ಸಾಕು ಎಂದುಕೊಂಡರೆ ಕೆಲಸ ಕೆಡುತ್ತದೆ, ಮಗು ಇನ್ನೂ ಬೇಗ ಓಡುತ್ತದೆ. ರಾಜರ್ಸ್ ನಿಧಾನವಾಗಿದ್ದಾಗ ಅವರ ಕೈಗೆ ಏನಾದರೊಂದು ಕೆಲಸ ಇರುತ್ತಿತ್ತು. ಪ್ರತಿ ಕಂತಿನ ಶುರುವಿಗೂ ಕೋಟು ಬಿಚ್ಚಿ, ಸ್ವೆಟರಿನ ಜಿಪ್ ಎಳೆದು, ಕೂತು ಬೂಟು ತೆಗೆದು ಕ್ಯಾನ್ವಾಸ್ ಶೂ ಹಾಕಿಕೊಳ್ಳುವರು. ಮುಂದೇನೆಂದು ಮಗುವಿಗೆ ಮೊದಲೇ ಗೊತ್ತು, ಅದಕ್ಕೇ ನೆಮ್ಮದಿ. ನೀವೂ ದಿನಾ ಅದೇ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಳ್ಳುವಂಥ ಒಂದೇ ಕೆಲಸದಿಂದ ಶುರುಮಾಡಿ. ‘ಊಟ ಆಯ್ತಾ? ಸ್ಕೂಲಲ್ಲಿ ಏನು ಹೇಳ್ಕೊಟ್ರು?’ ಎಂದು ಸಾಲಾಗಿ ಕೇಳಿದರೆ ಅದು ಮಗುವಿಗೆ ಪರೀಕ್ಷೆಯಾಗುತ್ತದೆ. ಬದಲಿಗೆ ಅವರೆಕಾಯಿ ಸುಲಿಯಿರಿ. ಫೋನನ್ನು ನಿಮ್ಮ ಮುಖಕ್ಕಲ್ಲ, ಕೈಗೆ ತಿರುಗಿಸಿಡಿ. ‘ತುದಿ ಮುರಿದೆ, ನಾರು ಎಳೆದೆ, ಇದರಲ್ಲಿ ಮೂರು ಕಾಳು’ ಎಂದು ಹೇಳುತ್ತ ಹೋಗಿ. ಪ್ರಶ್ನೆ ಒಂದು ಸಾಕು, ಕೇಳಿದ ಮೇಲೆ ನಾಲ್ಕೈದು ಸೆಕೆಂಡು ಸುಮ್ಮನಿರಿ. ರಾಜರ್ಸ್ ಕ್ಯಾಮೆರಾಕ್ಕೆ ಪ್ರಶ್ನೆ ಹಾಕಿ ಹಾಗೆಯೇ ಬಿಡುವು ಕೊಡುತ್ತಿದ್ದರು. ಫೋನಿನಲ್ಲಂತೂ ದನಿ ತಡವಾಗಿ ತಲುಪುವುದರಿಂದ ಅಷ್ಟು ಹೊತ್ತು ಬೇಕೇ ಬೇಕು. ಕಥೆ ಹೇಳುವಾಗ ಜಾಗ ಬದಲಿಸಿ. ಅವರ ಕಾರ್ಯಕ್ರಮದಲ್ಲಿ ಗೊಂಬೆಗಳ ಕಲ್ಪನಾ ರಾಜ್ಯಕ್ಕೆ ಆಟಿಕೆ ಟ್ರಾಮ್ ಬಂಡಿ ಹೋಗುತ್ತಿತ್ತೇ ಹೊರತು ರಾಜರ್ಸ್ ಅಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ. ನಿಜ ಯಾವುದು, ಕಥೆ ಯಾವುದು ಎಂದು ಮಗುವಿಗೆ ಗೊಂದಲವಾಗಬಾರದು ಎಂಬುದೇ ಕಾರಣ.

ಮೊಮ್ಮಗನಿಗೆ 2012ರಲ್ಲಿ ಶುರುವಾದ ‘ಡೇನಿಯಲ್ ಟೈಗರ್ಸ್ ನೇಬರ್‌ಹುಡ್’ ಕಾರ್ಟೂನ್ ಗೊತ್ತಿರಬಹುದು. ಆ ಹುಲಿಮರಿ ಅದೇ ಡೇನಿಯಲ್‌ನ ಮಗ, ಕೆಂಪು ಸ್ವೆಟರ್ ಹಾಕಿ ಶೂ ಬದಲಿಸುತ್ತದೆ. ಮಾತಿಗೆ ಅಲ್ಲಿಂದ ದಾರಿ ಸಿಗುತ್ತದೆ. ಹಳೆಯ ಕಂತುಗಳನ್ನು ಜೊತೆಗೆ ನೋಡುವುದಾದರೆ ಕ್ರೇಯಾನ್ ಕಾರ್ಖಾನೆ ತೋರಿಸುವ 1981ರ ಕಂತನ್ನು ಮೊದಲು ಹಾಕಿ. ತೊಟ್ಟಿಯಲ್ಲಿ ಸತ್ತ ಮೀನನ್ನು ಕಂಡು ಅವರು ಹಿತ್ತಲಲ್ಲಿ ಮಣ್ಣು ಮಾಡುವ 1970ರ ಕಂತನ್ನು ಮಾತ್ರ ಮೊದಲು ನೀವೊಬ್ಬರೇ ನೋಡಿ, ಆಮೇಲೆ ತೋರಿಸಿ.

— ಸಂಪಾದಕ